ಉಪ್ಪಿಲ್ಲದ ನೀರು

ಪಡುಬಿದ್ರಿ ದಾಟಿದ ಮೇಲೆ, ಹೆದ್ದಾರಿಯ ಈಚೆ ಸಿಮೆಂಟಿನ ತಿಮಿಂಗಿಲ;
ಆಚೆ ತೆಂಗಿನ ಸಾಲು ಮುಗಿದರೆ ಕಡಲು.
ತಿಮಿಂಗಿಲದ ಬಾಯೊಳಗೆ ಟಿಕೆಟು ಕೊಡುತ್ತಿದ್ದರು.
"ಎಂತ ಮಾರಾಯ, ತೆರೆಗೂ ದುಡ್ಡಾ?"
ಎಂದು ವರ್ಷವರ್ಷವೂ ಕೇಳಿ
ವರ್ಷವರ್ಷವೂ ಕೊಡುತ್ತಿದ್ದ ಅಪ್ಪ,
ಬಂಗುಡೆ ವಾಸನೆಯ ನೋಟು.

ಮಲ್ಪೆಯ ದಕ್ಕೆಯಲ್ಲಿ ಬೋಟುಗಳು
ಒಂದಕ್ಕೊಂದು ಭುಜ ಕೊಟ್ಟು ಮಲಗುವ,
ಸರಕಾರ ಬಲೆಗೆ ಬೀಗ ಹಾಕುವ ಮಳೆಗಾಲದಲ್ಲಷ್ಟೇ
ಅಪ್ಪ ನಮ್ಮವನು.
ಆಗಷ್ಟೇ ಪಾರ್ಕಿಗೂ ಅರ್ಧ ರೇಟು,
ಮಳೆಯಲ್ಲಿ ನೆನೆಯಲು ದುಡ್ಡು ಕೊಟ್ಟು ಯಾರು ಬರುತ್ತಾರೆ?
ನಾವು ಬರುತ್ತಿದ್ದೆವು.
ಅಮ್ಮ ಇಲ್ಲ, ಅವಳ ಒಣಮೀನಿನ ಬುಟ್ಟಿಗೆ ಅದೇ ಸುಗ್ಗಿ.
ನಾನು, ಯತಿರಾಜ,
ಮತ್ತೆ, ಉಪ್ಪಿಲ್ಲದ ನೀರಿಗೆ ಇಳಿಯುವುದಿಲ್ಲವೆಂದು
ಹೋಟೆಲಿನೊಳಗೆ ಕೂತುಬಿಡುವ ತಾಂಡೇಲ.

ಆ ಹೋಟೆಲು ತೆರೆಕೊಳದ ಬಗಲಲ್ಲೇ, ಅರ್ಧ ನೆಲದೊಳಗೆ.
ಗೋಡೆಯಲ್ಲಿ ಮೊರದಗಲದ ಒಂದು ದುಂಡು ಗಾಜು;
ಅದರಾಚೆ ನೀರು, ನೀರಲ್ಲಿ ಬರೀ ಕಾಲುಗಳು.
ಏಳನೇ ಟೇಬಲಿನಿಂದ ಅಪ್ಪ
ಕಾಲು ನೋಡಿಯೇ ನಮ್ಮನ್ನು ಹೆಕ್ಕುತ್ತಿದ್ದ:
ಕಪ್ಪು ದಾರ ಕಟ್ಟಿದ್ದು ಯತಿರಾಜ,
ಕಾರಣವಿಲ್ಲದೆ ಒದೆಯುವುದು ನಾನು.
ಮುಳುಗಿ ಗಾಜಿಗೆ ಮೂಗು ಒತ್ತಿದರೆ
ಚಮಚ ಎತ್ತಿ ತೋರಿಸುತ್ತಿದ್ದ.
ಫ್ರೈಡ್ ರೈಸು ಬಂತು, ಬನ್ನಿ ಎಂದರ್ಥ.

ಹಸಿವೆಂದರೆ ಅದು. ಕ್ಲೋರಿನ್ನಿಗೆ ಉರಿವ ಕಣ್ಣು,
ಒಣದ್ರಾಕ್ಷಿಯಾದ ಬೆರಳು, ರೆಕ್ಸಿನ್ ಕುರ್ಚಿಗೆ ಅಂಟುವ ತೊಡೆ,
ಹೇಳದೆಯೇ ವಾಮನಣ್ಣ ತಂದಿಡುವ ಒಂದು ಗಡ್‌ಬಡ್, ಎರಡು ಚಮಚ.
ಮೀನು ಮಾತ್ರ ಆ ಮೇಜಿಗೆ ಬರುವಂತಿಲ್ಲ.
ಅಡುಗೆಮನೆಯ ಬಾಗಿಲು ಒಮ್ಮೆ ತೆರೆದು ಮುಚ್ಚಿದರೆ ಸಾಕು,
ಅಪ್ಪನ ಮೂಗು ತೀರ್ಪು ಕೊಡುತ್ತಿತ್ತು:
"ಅಂಜಲ್. ಐಸಿಗೆ ಬಿದ್ದು ಎಂಟು ದಿನ. ತಮಿಳುನಾಡಿನ ಲಾರಿ."
ವಾಮನಣ್ಣ ನಗುತ್ತ ಕಿವಿ ಹಿಡಿದುಕೊಳ್ಳುತ್ತಿದ್ದ.

ಇಪ್ಪತ್ತಾರು ವರ್ಷ.
ಇವತ್ತು ಹೋಗುವ ಎಂದದ್ದು ಅವನೇ.
ಸ್ಕೂಟಿಯ ಹಿಂದೆ, ರೇನ್‌ಕೋಟಿನೊಳಗೆ,
ಮಾರಿ ಮುಗಿದ ಬುಟ್ಟಿಯಷ್ಟು ಹಗುರ.
ತಿಮಿಂಗಿಲಕ್ಕೆ ಹೊಸ ಬಣ್ಣ ಬಳಿದಿದ್ದಾರೆ.
"ಹಲ್ಲು ಬಂದಿದೆ ಇದಕ್ಕೆ" ಎಂದ,
ತನ್ನವನ್ನು ಮನೆಯ ಲೋಟದಲ್ಲಿ ಬಿಟ್ಟು ಬಂದವನು.

ಮೆನು ಇಲ್ಲ. ಮೇಜಿಗೆ ಅಂಟಿಸಿದ ಚುಕ್ಕಿಚೌಕಕ್ಕೆ ಮೊಬೈಲು ಹಿಡಿಯಬೇಕು.
ಟೇಬಲುಗಳಿಗೆ ನಂಬರಿಲ್ಲ.
ವಾಮನಣ್ಣ ಯಾರೆಂದು ಅಸ್ಸಾಮಿನ ಹುಡುಗನಿಗೆ ಗೊತ್ತಿಲ್ಲ,
ಗೊತ್ತಿರಬೇಕೆಂದೂ ಇಲ್ಲ; ಆದರೂ
ಅಪ್ಪನ ಕುರ್ಚಿಯನ್ನು ತನ್ನ ಹೆಗಲ ಬಟ್ಟೆಯಲ್ಲೇ ಒರೆಸಿಕೊಟ್ಟ.
ದುಂಡು ಗಾಜಿನ ಮೇಲೆ ಈಗ ಸ್ಟಿಕ್ಕರು:
ನೀಲಿ ಕಡಲು, ಹವಳ, ನಗುವ ಎರಡು ಡಾಲ್ಫಿನು.

ನಾನು ಫ್ರೈಡ್ ರೈಸು ಹುಡುಕುತ್ತಿರುವಾಗ
"ಅಂಜಲ್ ಉಂಟಾ ಕೇಳು" ಎಂದ.

ಬಂತು, ಬಾಳೆಲೆಯ ಮೇಲೆ, ಕೆಂಪು ಮಸಾಲೆ ಹೊದ್ದುಕೊಂಡು.
ತಟ್ಟೆ ಮೇಜಿಗೆ ತಾಗುವ ಮೊದಲೇ ನನಗೆ ಗೊತ್ತಾಯಿತು.
ಅವನ ಮೂಗೇ ಅಲ್ಲವೇ ನನಗೆ ಬಂದದ್ದು.
ಅಪ್ಪ ಬಗ್ಗಿದ, ಉಸಿರೆಳೆದ,
ತುಂಡು ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ
"ನಿನ್ನೆ ರಾತ್ರಿಯ ಬಲೆ" ಎಂದ.

ಹೊರಗೆ ಆಟಿಯ ಮಳೆ. ಬೋಟು ಇಳಿಯದೆ ಐವತ್ತು ದಿನ.

"ಹೌದು" ಎಂದೆ. ನಾನೂ ಒಂದು ತುಂಡು ತಿಂದೆ.
ನಿಂಬೆ ಹಿಂಡಿ, ಇನ್ನೊಂದು.

ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ.
ಅವನೂ ಹೇಳಲಿಲ್ಲ. ಡಾಲ್ಫಿನುಗಳ ಕಡೆ ಗದ್ದ ಎತ್ತಿ
"ಆಚೆ ಎಷ್ಟು ಮಂದಿ?" ಎಂದ.

ಸ್ಟಿಕ್ಕರಿನ ಮೂಲೆ ಉಗುರಿಗೆ ಸಿಕ್ಕಿ
ಹೆಬ್ಬೆರಳಷ್ಟು ಎದ್ದುಬಂತು. ಕಣ್ಣಿಟ್ಟೆ.
ಪಾಚಿ. ಮಬ್ಬು ಹಸಿರು ನೀರು.
ಮೇಲೆಲ್ಲೋ ಮಳೆ ಚುಚ್ಚುತ್ತಿರುವ ಬೆಳಕು.

"ಇಬ್ಬರು" ಎಂದೆ.

ಅಪ್ಪ ಮೇಜಿನ ಮೇಲೆ ಚಮಚ ಹುಡುಕತೊಡಗಿದ.