ನಡತೆ: ಉತ್ತಮ

ಟಿ.ಸಿ.ಯ ಹತ್ತನೇ ಕಾಲಮ್ಮು ನಡತೆ.
ಅಗಲ ಒಂದೂವರೆ ಇಂಚು.
ಅದರಲ್ಲಿ ಹಿಡಿಸುವುದು ಒಂದೇ ಶಬ್ದ,
ಇಪ್ಪತ್ತೆರಡು ವರ್ಷದಿಂದ ಅದನ್ನೇ ಬರೆದಿದ್ದೇನೆ,
ಮಲ್ಪೆಯ ಈ ಹೈಸ್ಕೂಲಿನ ಗುಮಾಸ್ತ ನಾನು.

ಈ ಸಲ ಮೂವತ್ತೊಂದು ಮಕ್ಕಳು.
ಮೇ ತಿಂಗಳು, ಕರೆಂಟಿಲ್ಲ,
ಕಿಟಕಿಯಿಂದ ಒಣಮೀನಿನ ಗಾಳಿ.

ಯಜ್ಞೇಶ್ ಕುಂದರ್. ಉತ್ತಮ.
ಮೂರು ವರ್ಷದಲ್ಲಿ ನಾಲ್ಕು ಅಜ್ಜಿಯಂದಿರು
ತೀರಿಕೊಂಡಿದ್ದಾರೆ ಇವನಿಗೆ,
ರಜಾ ಅರ್ಜಿಗಳೆಲ್ಲ ನನ್ನ ಕಪಾಟಿನಲ್ಲುಂಟು.
ಮೊನ್ನೆ ಅವರಲ್ಲೊಬ್ಬರು ಖುದ್ದು ಬಂದರು,
ಬಾಯಿತುಂಬ ಎಲೆಯಡಿಕೆ,
‘ನಮ್ಮ ಪುಳ್ಳಿ ಹೇಗೆ ಮಾಷ್ಟ್ರೆ, ಪಾಪದವನಲ್ವಾ?’
ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ.
ಅಷ್ಟು ದೂರದಿಂದ ಬಂದವರು!

ಮುಝಮ್ಮಿಲನಿಗೆ ಮೂಲವಸ್ತುಗಳ ಕೋಷ್ಟಕ
ಹೀಲಿಯಂ ದಾಟಿ ಬರುವುದಿಲ್ಲ.
ಬಸ್ಸಿನ ಕೋಷ್ಟಕ ಕೇಳಿ:
‘ಎಂಟು ಹದಿನೇಳು ತಪ್ಪಿದರೆ ಎಂಟು ಇಪ್ಪತ್ಮೂರು,
ಅದರ ಡ್ರೈವರಿಗೆ ಹೊಸ ಮದುವೆ ಸರ್,
ಎರಡು ನಿಮಿಷ ಲೇಟು ಹಿಡಿಯಿರಿ.’
ಪ್ರವಾಸಕ್ಕೆ ಹೊರಡುವ ಮೊದಲು
ಹೆಡ್ಮಿಸ್ಸು ಇವನನ್ನು ಛೇಂಬರಿಗೆ ಕರೆಸಿ
ಬಾಗಿಲು ಹಾಕಿಕೊಳ್ಳುತ್ತಾರೆ.
ಉತ್ತಮ.

ಮೆಲಿಷಾ ಡಿಮೆಲ್ಲೊ. ಇದನ್ನು ಎರಡು ಸಲ ಓದಬೇಕು.
ನನ್ನ ಸುತ್ತೋಲೆಯಲ್ಲಿ ‘ವಿದ್ಯಾರ್ಥಿ’ಯ ಅರ್ಕಾವೊತ್ತು ಬಿಟ್ಟುಹೋದದ್ದನ್ನು
ನೋಟೀಸು ಬೋರ್ಡಿನ ಗಾಜಿನ ಮೇಲೆಯೇ
ಕೆಂಪು ಸ್ಕೆಚ್ಚಿನಲ್ಲಿ ತಿದ್ದಿದವಳು.
ಗಾಜು ಒರೆಸಿದರೂ ಹೋಗಿಲ್ಲ ಆ ಅರ್ಕಾವೊತ್ತು,
ಈಗ ಯಾವ ನೋಟೀಸು ಅಂಟಿಸಿದರೂ
ಎಲ್ಲೋ ಒಂದು ಅಕ್ಷರಕ್ಕೆ ಸುಮ್ಮನೆ ತಗಲುತ್ತದೆ.

ಧೃತಿ ಪೈ, ದ್ಯುತಿ ಪೈ:
ಒಬ್ಬಳ ಹಾಜರಿಗೆ ಇನ್ನೊಬ್ಬಳು ಓಗೊಟ್ಟವರು.
ಒಟ್ಟು ಸೇರಿಸಿ ಉತ್ತಮ.

ಶೇಖವ್ವ ಲಮಾಣಿ, ಗದಗದ ಕಡೆಯವಳು.
ಆರನೇ ಕ್ಲಾಸಿಗೆ ‘ಹೌದ್ರೀ ಸರ’ ಎನ್ನುತ್ತ ಬಂದಳು,
ಈಗ ತುಳುವಿನಲ್ಲಿ ಬೈಯುತ್ತಾಳೆ,
ಕೊಂಕಣಿಯಲ್ಲಿ ಸಾಲ ಕೇಳುತ್ತಾಳೆ,
ಬ್ಯಾರಿಯಲ್ಲಿ ಹಬ್ಬದೂಟದ ಕರೆಯ ಹೊಂಚು ಹಾಕುತ್ತಾಳೆ.
ಲೆಕ್ಕ ಮಾತ್ರ ಊರಿನದೇ:
‘ಹನ್ನೆರಡ ಹನ್ನೆರಡಲೆ ನೂರಾ ನಲವತ್ನಾಕ.’
ಮಾತೃಭಾಷೆ ಲಂಬಾಣಿ ಎಂದು ಬರೆದೆ.
ಉಳಿದವಕ್ಕೆ ಕಾಲಮ್ಮಿಲ್ಲ.

ಜೋಯ್‌ಸ್ಟನ್, ಗೋಲಿ.
ಮೈದಾನದಲ್ಲಿ ಇವನು ಬಿಟ್ಟ ಚೆಂಡುಗಳೆಲ್ಲ
ನನ್ನ ಕಿಟಕಿಯಲ್ಲಿ ಗೋಲಾದವು.
ಎರಡು ಸಲ ದಂಡ ಕಟ್ಟಿದ, ಚಿಲ್ಲರೆಯಲ್ಲಿ.
ಮೂರನೇ ಸಲ ಭಾನುವಾರ ಬಂದ,
ಗಾಜು, ಲಪ್ಪ, ಅಪ್ಪನ ಚಾಣ ಹಿಡಿದುಕೊಂಡು.
ಇಡೀ ಶಾಲೆಯಲ್ಲಿ ಸರಿಯಾಗಿ ಮುಚ್ಚುವ ಕಿಟಕಿ
ಇವತ್ತಿಗೂ ಅದೊಂದೇ.
ಉಳಿದವನ್ನೂ ಒಡೆದು ಹೋಗಬಹುದಿತ್ತು ಹುಡುಗ.

ತನುಷಾ ಮೆಂಡನ್.
ಪೆನ್ನು ನಿಂತಿತು.
ಮುಖ ನೆನಪಾಗಲಿಲ್ಲ.
ದೂರಿಲ್ಲ, ಬಹುಮಾನವಿಲ್ಲ, ಒಂದು ರಜೆಯಿಲ್ಲ,
ಶುಲ್ಕ ಗಡುವಿನ ಮುಂಚಿನ ದಿನ.
ರಿಜಿಸ್ಟರಿನಲ್ಲಿ ಫೋಟೋ ನೋಡೋಣವೆಂದು
ಕನ್ನಡಕಕ್ಕಾಗಿ ಮೇಜೆಲ್ಲ ತಡಕಾಡುತ್ತಿರುವಾಗ
ಬಾಗಿಲಲ್ಲಿ ಯಾರೋ ಹೇಳಿದರು:
‘ತಲೆ ಮೇಲುಂಟು ಸರ್.
ಊಟ ಆದಮೇಲೆ ಯಾವಾಗಲೂ ಅಲ್ಲೇ ಇರುವುದು.’
‘ಹೆಸರೇನಮ್ಮ?’
ಅವಳು ನಕ್ಕು, ನನ್ನೆದುರಿನ ಹಾಳೆಯಲ್ಲಿ
ತನ್ನ ಹೆಸರಿನ ಮೇಲೆ ಬೆರಳಿಟ್ಟಳು.

ಅವಳ ಕಾಲಮ್ಮಿಗೂ ಅದೇ ಹಳೆಯ ಶಬ್ದ.
ನಿಧಾನವಾಗಿ ಬರೆದೆ, ಅಷ್ಟೇ.

ಐದಕ್ಕೆ ಬೀಗ ತೆಗೆದುಕೊಂಡು ಹೊರಟರೆ
ಮೆಟ್ಟಿಲಲ್ಲಿ ಮೆಲಿಷಾ, ಕೈಯಲ್ಲಿ ಟಿ.ಸಿ.:
‘ಸರ್, ನನ್ನ ನಡತೆಯಲ್ಲಿ ತ-ಒತ್ತಿಲ್ಲ.’
ಹೌದು. ‘ಉತಮ’ ಎಂದು ಬರೆದಿದ್ದೇನೆ.
ಪೆನ್ನಿಗಾಗಿ ಜೇಬು ಮುಟ್ಟಿಕೊಂಡೆ.
ಕೆಂಪು ಸ್ಕೆಚ್ಚಿನ ಮುಚ್ಚಳ ತೆಗೆದು
ಅವಳು ಕಾಯುತ್ತಿದ್ದಳು.