ಅರ್ಧ ಅಂಚಿಗೆ ಉಪ್ಪು

ಮಧ್ಯಾಹ್ನ ಎರಡಕ್ಕೆ ಹೋದ ಕರೆಂಟು ಆರಾದರೂ ಬರಲಿಲ್ಲ.
ಎನ್ಸೆನಾದಾ ಊರಿಗೆ ಊರೇ ಕಿಟಕಿ ತೆರೆದು
ಸಮುದ್ರದ ಗಾಳಿಗೆ ಕಾದು ಕೂತಿತ್ತು.
ಫ್ರಿಜ್ಜಿನ ಅಡಿಯಿಂದ ಹೊರಟ ತೆಳ್ಳನೆ ನೀರಿನ ಗೆರೆ
ನನ್ನ ಚಪ್ಪಲಿಯವರೆಗೆ ಬಂದು ನಿಂತಾಗ
ಕೂಕೊ ಕುರ್ಚಿಯಿಂದಲೇ ಹೇಳಿದ:
"ಐಸು ಸುಮ್ಮನೆ ನೀರಾಗುತ್ತಿದೆ, ಒರ್ತೆನ್ಸಿಯಾ.
ಒಂದು ಮಾರ್ಗರಿಟಾ ಮಾಡು."

ಮಾಡು, ಎಂದ. ಮಾಡುತ್ತೇನೆ, ಎನ್ನಲಿಲ್ಲ.

ಮೂವತ್ತೆಂಟು ವರ್ಷ ಬಂದರಿನ ಹೋಟೆಲಿನ ಬಾರಿನಲ್ಲಿ
ಹಡಗಿಳಿದವರಿಗೆ, ಹೊಸ ಮದುಮಕ್ಕಳಿಗೆ,
ಗಡಿ ದಾಟಿ ಕುಡಿಯಲೆಂದೇ ಬಂದ ಹುಡುಗರಿಗೆ
ಎಷ್ಟು ಸಾವಿರ ಬಟ್ಟಲು ತುಂಬಿಸಿದನೋ.
ಮನೆಗೆ ಬರುವಾಗ ಅಂಗಿಯ ತೋಳಲ್ಲಿ ನಿಂಬೆಯ ವಾಸನೆ,
ಬೆರಳ ಸಂದಿಯಲ್ಲಿ ಹುಳಿ ಕಚ್ಚಿದ ಬಿರುಕು.
ನನಗೊಂದು ಮಾಡಿಕೊಡೆಂದು ನಾನು ಕೇಳಲಿಲ್ಲ;
ದಣಿದು ಬಂದವನನ್ನು ಕೇಳುವುದುಂಟೆ.
ಅವನೂ ಕುಡಿಯುತ್ತಿದ್ದುದು ಬರೀ ಕಾಫಿ, ಸಕ್ಕರೆ ಜಾಸ್ತಿ.

ಪಕ್ಕದ ಬ್ರಿಹಿದಾಳ ಗಿಡ ನಮ್ಮ ಗೋಡೆಗೆ ಬಾಗಿದ ಕಡೆ
ನಾಲ್ಕು ನಿಂಬೆ ಕಿತ್ತೆ. ಸಣ್ಣವು, ಹಸಿರು, ಹಟಮಾರಿಗಳು.
"ಅಂಗೈಯಡಿ ಇಟ್ಟು ಉರುಳಿಸು ಮೊದಲು.
ಹಿಂಡುವಾಗ ಜೋರು ಬೇಡ,
ಕೊನೆಯ ಹನಿಯಲ್ಲಿರುವುದು ರಸವಲ್ಲ, ಕಹಿ."
ಕಪಾಟಿನ ಮೇಲಿಂದ ಟಕೀಲಾ ಇಳಿಯಿತು,
ನಿವೃತ್ತಿಯ ದಿನ ಕೊಟ್ಟದ್ದು, ಸೀಲು ಒಡೆಯದ್ದು.
ಕತ್ತಾಳೆ ಏಳು ವರ್ಷ ಬಿಸಿಲಲ್ಲಿ ಕೂತು ಕೂಡಿಟ್ಟದ್ದು,
ಮತ್ತೆ ನಮ್ಮ ಕಪಾಟಿನಲ್ಲಿ ಒಂಬತ್ತು.
ಅದು ಎರಡು ಪಾಲು. ಕಿತ್ತಳೆಯ ಮದ್ಯ ಒಂದು. ನಿಂಬೆ ಒಂದು.
"ಅಷ್ಟೆಯಾ?"
"ಅಷ್ಟೆ. ಉಳಿದದ್ದೆಲ್ಲ ಹೋಟೆಲಿನವರ ಬಣ್ಣ."

ತಟ್ಟೆಗೆ ಉಪ್ಪು ಸುರಿದೆ, ಗೆರ್ರೇರೊ ನೆಗ್ರೊದ ದಪ್ಪ ಹರಳು.
ಬಟ್ಟಲ ಬಾಯಿಗೆ ನಿಂಬೆ ಸವರಿ
ಬೋರಲು ಹಾಕಹೊರಟವಳನ್ನು ತಡೆದ:
"ಅರ್ಧ ಅಂಚಿಗೆ ಮಾತ್ರ. ಉಪ್ಪು ಬೇಡವೆನಿಸಿದರೆ
ತಿರುಗಿಸಿ ಕುಡಿಯಲು ಅವರಿಗೊಂದು ದಾರಿ ಬೇಕು."
ಅವರಿಗೆ, ಎಂದ. ಅಲ್ಲಿದ್ದದ್ದು ನಾನು.

ಶೇಕರಿಗೆ ಐಸು ತುಂಬಿ, ಮುಚ್ಚಳ ಬಿಗಿದು
ಅವನ ಮುಂದೆ ಹಿಡಿದೆ.
ತೊಡೆಯ ಮೇಲೆ ಆ ಬಲಗೈ, ಮೂರು ವರ್ಷದಿಂದ
ತನ್ನ ಪಾಡಿಗೆ ತಾನು ನಡುಗುತ್ತ,
ಚಮಚ ಒಲ್ಲದ, ಅಂಗಿಯ ಗುಂಡಿ ಒಲ್ಲದ ಕೈ.
"ಹಿಡಿದರೆ ಸಾಕು," ನಕ್ಕೆ, "ಕೆಲಸ ತಾನೇ ಆಗುತ್ತದೆ."

ಅವನು ನಗಲಿಲ್ಲ.
ಬೀದಿಯಲ್ಲಿ ಯಾರದೋ ಜನರೇಟರು ಕೆಮ್ಮಿ ನಿಂತಿತು.
"ನಡುಗುವುದು ಬೇರೆ, ಕುಲುಕುವುದು ಬೇರೆ," ಎಂದ.
"ಕುಲುಕುವವನಿಗೆ ಯಾವಾಗ ನಿಲ್ಲಿಸಬೇಕೆಂದು ಗೊತ್ತಿರುತ್ತದೆ."

ನಾಲಿಗೆ ಕಚ್ಚಿಕೊಂಡೆ. ಭುಜದ ಮೇಲೆತ್ತಿ ನಾನೇ ಕುಲುಕಿದೆ,
ಹಲ್ಲಿ ಓಡಿಸುವವಳ ಹಾಗೆ, ಅಡ್ಡಾದಿಡ್ಡಿ.
ಅವನು ಕಣ್ಣು ಮುಚ್ಚಿದ. ಕಿವಿ ಮಾತ್ರ ಡ್ಯೂಟಿಯಲ್ಲಿತ್ತು.
"ಇನ್ನೂ ಕಲ್ಲು...
ಇನ್ನೂ ಕಲ್ಲಿನ ಸದ್ದು...
ಈಗ ಗಾಜಾಯಿತು... ಈಗ ಮರಳು. ಸಾಕು!"
ತಗಡು ಬೆರಳಿಗೆ ಅಂಟುವಷ್ಟು ತಣ್ಣಗೆ,
ಮೈತುಂಬ ಬಿಳಿ ಮಂಜು.

ಉಳಿದ ಐಸು ಒಂದೇ ಬಟ್ಟಲಿಗೆ.
ಮೊದಲ ಗುಟುಕಿಗೆ ಕಣ್ಣು ತಾನೇ ಕಿರಿದಾಯಿತು.
ಅವನು ನೋಡುತ್ತಿದ್ದುದು ನನ್ನ ಮುಖವನ್ನಲ್ಲ,
ಬಾಯಿಯನ್ನು, ಗಂಟಲನ್ನು, ಹಳೇ ಕೆಲಸಗಾರನ ಹಾಗೆ.
"ಹುಳಿ ಮುಂದಾಗಿದೆ," ಎಂದೆ.
"ಬ್ರಿಹಿದಾಳ ಗಿಡ. ಅವಳ ಹಾಗೇ."

ಅವನ ತುಟಿಗೆ ಹಿಡಿದೆ, ಉಪ್ಪಿಲ್ಲದ ಕಡೆಯಿಂದ;
ಡಾಕ್ಟರು ಉಪ್ಪು ಬೇಡವೆಂದಿದ್ದರು.
ಅವನು ಬಟ್ಟಲನ್ನು ಗದ್ದದಿಂದ ಮೆಲ್ಲಗೆ ನೂಕಿದ.
ಅರ್ಥವಾಗಲಿಲ್ಲ. ಇನ್ನೊಮ್ಮೆ ನೂಕಿದ.
ತಿರುಗಿಸಿದೆ.

ಮೀಸೆಯ ಮೇಲೆ ನಾಲ್ಕು ಹರಳು ಕೂತವು.
"ಹೂಂ," ಎಂದ, "ಹುಳಿ ಮುಂದಾಗಿದೆ,"
ಇನ್ನೊಂದು ಗುಟುಕಿಗೆ ಬಾಯಿ ತೆರೆಯುತ್ತ.