ಗೊರಸು

ಕೋಡಿಬಾಗಿನ ಸಾಂತಾನ್ ನನ್ನ ಬೈಕಿನ ಹಿಂಗಾಲಿ ಕಳಚಿ
ನೆಲಕ್ಕೆ ಕೆಡವಿದ ಕೂಡಲೇ
ಟೈರಿನ ಗುಬಟುಗಳ ಸಂದಿಯಿಂದ ಉದುರಿತು
ದಿಗ್ಗಿಯ ಮಣ್ಣು, ಒಣಗಿ ಇಟ್ಟಿಗೆಯಾದದ್ದು.
‘ಇದನ್ನೂ ಟ್ರಾನ್ಸ್‌ಫರ್ ಮಾಡಿದ್ರಾ ಸರ್ಕಾರದವರು?’
ಅಂದ, ಪೊರಕೆ ಹುಡುಕುತ್ತ.

ಹನ್ನೊಂದು ವರ್ಷ ಜೋಯಿಡಾದ ಕಾಡುದಾರಿಯಲ್ಲಿ
ದನದ ಗೊರಸು ತೊಡೆ ಮೇಲಿಟ್ಟು ಕೆತ್ತಿದವನು ನಾನು.
ಹಿಂದೆ ನೈಟ್ರೋಜನ್ ಕ್ಯಾನು, ಟ್ಯಾಂಕಿನ ಮೇಲೆ ಔಷಧದ ಚೀಲ,
ಟೈರಿಗೆ ಹದಿನೆಂಟೇ ಪೌಂಡು ಹವಾ.
ಕೆಸರಿನಲ್ಲಿ ಆ ಗುಬಟುಗಳು ಒಂದೊಂದೂ ಒಂದೊಂದು ಬೆರಳು:
ಊರಿ, ಹಿಡಿದು, ಬಿಟ್ಟು, ಮತ್ತೆ ಊರಿ.

ಡಾಂಬರು ಬಂತೋ, ಅದೇ ಬೆರಳು ಸಡಿಲ ಹಲ್ಲು.
ಅನಶಿ ಘಾಟಿಯ ಪ್ರತಿ ತಿರುವಿನಲ್ಲೂ
ಬಾಗಲೋ ಬೇಡವೋ ಎಂದು ಬೈಕು ತಡವರಿಸುವುದು,
ನಾನು ಹ್ಯಾಂಡಲು ಒತ್ತುವುದು, ಅದು ಗೊಣಗುವುದು.
ಕದ್ರಾಕ್ಕೆ ಇಳಿದು ಚಹಾದ ಲೋಟ ಎತ್ತಿದರೆ
ಅಂಗೈಯೊಳಗೆ ಇನ್ನೂ ಜೇನುಗೂಡು.

ಹೊಸತು ದುಂಡು ಬೆನ್ನಿನದು, ತೆಳು ಗೀರಿನದು.
ಸಾಂತಾನ್ ಮೂವತ್ತೆರಡು ಹವಾ ತುಂಬಿ, ಬೆರಳಿಂದ ಮೀಟಿ,
‘ಮೇಲೆ ಮೇಣ ಇರ್ತದೆ ಸರ್, ನೂರು ಕಿಲೋಮೀಟರ್
ಮೆತ್ತಗೆ ಹೋಗ್ಬೇಕು ಹಾಂ,’ ಅಂದ.
ಮೆತ್ತಗೇ ಹೋದೆ.

ಬಿಣಗಾ ಘಾಟಿಯ ಮೊದಲ ತಿರುವು.
ಹಳೇ ರೂಢಿ; ಕೈ ತಾನಾಗಿ ಒತ್ತಿತು.
ನಾನು ಕೇಳಿದ್ದು ಒಂದು ಸೇರು, ಅದು ಅಳೆದು ಸುರಿದದ್ದು ಕೊಳಗ!
ಬೈಕು ಕೇಳುವ ಮೊದಲೇ ಬಾಗಿ, ಒಳ ಅಂಚಿನ ಹುಲ್ಲು ಸವರಿ,
ಎದುರಿನ ಗೋವಾ ಲಾರಿಯ ಡ್ರೈವರ್
ಏನೋ ಅಂದ, ಕೊಂಕಣಿಯಲ್ಲೇ ಇರಬೇಕು,
ನನ್ನ ತಾಯಿಯ ಬಗ್ಗೆಯೇ ಇರಬೇಕು.

ಎರಡನೆಯದಕ್ಕೆ ಅರ್ಧ ಒತ್ತಿದೆ. ಅದೂ ಹೆಚ್ಚು.
ಅಮದಳ್ಳಿ ಬರುವಷ್ಟರಲ್ಲಿ ಕೈಗೆ ಬುದ್ಧಿ ಬಂತು:
ಹೋಗುವ ಕಡೆ ಕಣ್ಣಿಟ್ಟರೆ ಸಾಕು, ಹಗ್ಗ ಎಳೆಯದೆ
ಹಿಂದೆ ಬರುವ ಹಸುವಿನ ಹಾಗೆ ಬರುತ್ತದೆ.
ಬ್ರೇಕು ಹಿಡಿದರೆ ಮೂಗು ತಗ್ಗಿಸಿ
ಹಿಡಿದಲ್ಲೇ ನಿಲ್ಲುತ್ತದೆ.
ಮತ್ತೆ ಈ ಮೌನ.
ಹನ್ನೊಂದು ವರ್ಷದ ಗುಂಯ್ ಹೋದ ಮೇಲೆ
ಮೊದಲ ಸಲ ಕೇಳಿಸಿತು ಚೈನು, ಪಾಪ,
ಎಂದಿನಿಂದ ಅಳುತ್ತಿತ್ತೋ.

ಮಾಜಾಳಿಯಲ್ಲಿ ಬಿದ್ದೆ. ಹೇಳಬಾರದೆಂದಿದ್ದೆ.
ಮೀನು ಒಣಹಾಕುವ ಬಯಲಿನ ಮರಳಿಗೆ
ಹಳೇ ಧೈರ್ಯದಲ್ಲಿ ನುಗ್ಗಿಸಿದೆ, ಮುಂಗಾಲಿ ಬೆಣ್ಣೆಯಾಯಿತು.
‘ಇದು ದೋಣಿ ಅಲ್ಲ ಡಾಕ್ಟ್ರೆ,’ ಎಂದು ನಕ್ಕಳು ಶೇವಂತಿ ಹರಿಕಂತ್ರ.
ಅವಳ ಜ್ವರದ ಆಡು, ನಾನು ನೋಡಲು ಬಂದದ್ದು,
ಅದೇ ಮರಳಿನ ಮೇಲೆ ಎರಡು ಬೆರಳಗಲಿಸಿ
ನೆಟ್ಟಗೆ ನಿಂತಿತ್ತು.

ದಿಗ್ಗಿಯಲ್ಲಿ, ಮಳೆ ಬಿಟ್ಟ ಬೆಳಗು,
ಮೂರು ದಾರಿ ಕೂಡುವಲ್ಲಿ ಹಸು ಹಿಡಿದು ಕಾದಿರುತ್ತಿದ್ದಳು
ಜಾನಕಿ ವೇಳಿಪ. ಫೋನಿಲ್ಲ, ಸಿಗ್ನಲ್ಲೂ ಇಲ್ಲ.
ನಾನು ಮೇಲೆ ಹೋದದ್ದು ಹೇಗೆ ತಿಳಿಯಿತು ಅಂದರೆ
ಗಲ್ಲದಿಂದ ನೆಲ ತೋರಿಸಿದಳು:
ಕೆಸರಲ್ಲಿ ಸಾಲಾಗಿ ನನ್ನ ಗುಬಟಿನ ಅಚ್ಚು,
ಹೋದದ್ದು ಮಾತ್ರ, ಬಂದದ್ದಿಲ್ಲ.
ಇಲ್ಲಿ ಡಾಂಬರು ಯಾರ ಹೆಜ್ಜೆಯನ್ನೂ
ಇಟ್ಟುಕೊಳ್ಳುವುದಿಲ್ಲ.

ಹಳೇ ಟೈರು ಬೈತಖೋಲದ ಬೋಟಿನವರು ಒಯ್ದರಂತೆ.
ನಿನ್ನೆ ಕಂಡೆ: ಬೋಟಿನ ಪಕ್ಕೆಗೆ ಹಗ್ಗದಲ್ಲಿ ಜೋತು,
ಅಲೆ ಬಂದಾಗೊಮ್ಮೆ ಧಕ್ಕೆಯ ಕಲ್ಲಿಗೆ ಗುಬಟು ಊರಿ
ಹಿಡಿದು, ಬಿಟ್ಟು.
ಹತ್ತಿರ ಹೋಗಲಿಲ್ಲ, ಬಲೆ ಹರಡಿದ್ದರು.

ಕಾಳಿಯ ಸೇತುವೆ ಮೇಲೆ ನೂರನೇ ಕಿಲೋಮೀಟರು ತುಂಬಿತು.
ಮೇಣ ಹೋಗಿರಬೇಕು.
ಮನೆಗೆ ಹೋದವನೇ
ಚೈನಿಗೆ ಎಣ್ಣೆ ಬಿಡಬೇಕು.